ತೆಂಗಿನ ಗರಿಯ ಮೇಲೆ ಅತ್ತೆಯ ಸವಾರಿ

"ಚೆಂಡು, ಬಣ್ಣದ ಪುಸ್ತಕ ಎಲ್ಲಾ ವಾಪಸ್ ಚೀಲಕ್ಕೆ ತುಂಬು. ನಾನ್ ಆಡುಸ್ತೀನಿ ಬುಡು" ಎಂದು ಅತ್ತೆ ಚಾಪೆಯಿಂದ ಎದ್ದರು. ದಬ್ಬೇಘಟ್ಟದ ನಮ್ಮ ತೋಟಕ್ಕೆ ಪಿಕ್ನಿಕ್ ಬಂದಿದ್ದೆವು. ನನ್ನ ಪುಟ್ಟ ಮಕ್ಕಳಿಬ್ಬರೂ ತಂದಿದ್ದ ಆಟಿಕೆಗಳನ್ನೂ ಚಿತ್ರಾನ್ನವನ್ನೂ ಮುಟ್ಟದೆ, ಮನೆಗೆ ಹೋಗೋಣವೆಂದು ರಂಪ ಮಾಡುತ್ತಿದ್ದರು.

ಅರವತ್ತು ದಾಟಿದ ಅತ್ತೆ, ಉದುರಿದ್ದ ತೆಂಗಿನ ಗರಿಯ ಮೇಲೆ ಇಬ್ಬರನ್ನೂ ಕೂರಿಸಿ, ಅದರ ಮಟ್ಟೆ ಹಿಡಿದು ಮರಗಳ ಸಾಲಿನಲ್ಲಿ ದರದರನೆ ಎಳೆದರು. ಅಳು ನಿಂತು ಕೇಕೆ ಶುರುವಾಯಿತು. ಮಕ್ಕಳು ಇಳಿದದ್ದೇ ತಡ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಗರಿಯ ಮೇಲೆ ಕೂತುಬಿಟ್ಟರು.

"ಈಗ ನನ್ ಸರದಿ. ಎಳಿ ಕಣೇ, ಏನ್ ನೋಡ್ತೀಯಾ?" ಎಂದು ನನ್ನನ್ನೇ ಗದರಿದರು. ನಗುತ್ತಾ ಎಳೆದೆ, ಮಕ್ಕಳೂ ಕೈಹಾಕಿದರು.

ಚಿಕ್ಕ ಮಕ್ಕಳ ಪಿಕ್ನಿಕ್ಕಿಗೆ ಏನೇನು ಒಯ್ಯಬೇಕೆಂದು ಗೆಳತಿಯರು ಕೇಳಿದರೆ ಈಗ ನನ್ನ ಉತ್ತರ ಒಂದೇ: ಆಟದ ಚೀಲ ಮನೆಯಲ್ಲಿರಲಿ, ಅತ್ತೆಯನ್ನು ಕರೆದೊಯ್ಯಿರಿ.