ಗಾಜಿನ ಭರಣಿಯ ಪಕ್ಕದ ಹಾಸಿಗೆ

ಮಹಾಂತೇಶ, ಸುಮಾ, ನಿಮ್ಮ ಅಪ್ಪ ನನ್ನ ಹೊಟ್ಟೆಯಲ್ಲಿದ್ದಾಗ ನನಗೆ ಬಂದ ಬೇನೆಯ ಸಂಗತಿ ಇದು. ಎದುರಿಗೆ ಕೂತು ಹೇಳಲು ನಾಚಿಕೆ. ತಿಳವಳ್ಳಿ ಶಾಲೆಯ ನಾಲ್ಕನೇ ಇಯತ್ತೆಯ ಅಕ್ಷರ ನನ್ನದು, ತಪ್ಪಿದ್ದರೆ ತಿದ್ದಿಕೊಳ್ಳಿ.

ಒಂದು ಬೆಳಿಗ್ಗೆ ಕಾಲುಂಗುರ ತಿರುಗಲಿಲ್ಲ. ಬೆರಳು ಉಬ್ಬಿ ಅದನ್ನು ನುಂಗಿತ್ತು. ರೊಟ್ಟಿ ಬಡಿಯುವಾಗ ಕಣ್ಣ ಮುಂದೆ ಬೆಳ್ಳಿ ಚುಕ್ಕಿಗಳು ಈಜಿದವು. ಆಗ ಏಳು ತಿಂಗಳು. ಮೊದಲಿನ ಎರಡು ಬಸಿರು ನಿಂತಿರಲಿಲ್ಲ.

ಹಾನಗಲ್ಲಿನ ಲೇಡಿ ಡಾಕ್ಟರ್ ಬಿ.ಪಿ. ನೋಡಿದರು. "ಬೆಡ್ ರೆಸ್ಟ್. ಉಪ್ಪು ಒಂದು ಹಳ್ಳೂ ಬ್ಯಾಡ. ಹಾಸಿಗಿ ಬಿಟ್ಟು ಎದ್ದರ ಕೂಸಿನ ಆಶಾ ಬಿಡ್ರಿ."

ಮಲಗಿದೆ.

ಹಾಸಿಗೆ ಪಡಸಾಲೆಯಲ್ಲಿತ್ತು. ಅದರ ಪಕ್ಕದಲ್ಲಿ ಗಾಜಿನ ದೊಡ್ಡ ಭರಣಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಿಮ್ಮ ಅಜ್ಜ ಕುಮಟೆಯಿಂದ ಒಂದು ಪುಟ್ಟ ಆಕ್ಟೋಪಸ್ಸನ್ನು ಬಸ್ಸಿನಲ್ಲಿ ತಂದಿದ್ದರು. ಮುಷ್ಟಿಯಷ್ಟು ಮೈ, ಎಂಟು ತೋಳು. ಸವಣೂರಿನ ವೀಳ್ಯದೆಲೆ ಹೇರಿಕೊಂಡು ಕುಮಟೆಗೆ ಹೋಗುವ ಲಾರಿಯವನು ಬರುವಾಗ ಡಬ್ಬಿಯಲ್ಲಿ ಸಮುದ್ರದ ನೀರು ತಂದು ಇಳಿಸುತ್ತಿದ್ದ. ಅಜ್ಜ ಬೆಳಿಗ್ಗೆ ಸಂಜೆ ಮಣ್ಣಿನ ಗಡಿಗೆಯಿಂದ ಆ ನೀರನ್ನು ಎತ್ತಿ ಎತ್ತಿ ಸುರಿಯುತ್ತಿದ್ದರು, ಅದಕ್ಕೆ ಗಾಳಿ ಸಿಗಲೆಂದು. ಗದ್ದೆಯ ಏಡಿ ಹಾಕುತ್ತಿದ್ದುದು ಮಾತ್ರ ಅತ್ತೆ ಜಳಕಕ್ಕೆ ಹೋದಾಗ. ಲಿಂಗಪೂಜೆಯ ಮನೆ ನಮ್ಮದು. ಅತ್ತೆಗೆ ಎಲ್ಲ ಗೊತ್ತಿತ್ತು.

"ಎಂಟು ಕಾಲಿಂದು ತಂದೀಯಲ್ಲೋ ಮಾಸ್ತರ, ಎರಡು ಕಾಲಿನ ತಾಯಿಗೆ ಒಂದು ಜೋಡು ಚಪ್ಪಲ್ ತರಾಕ ನೆಪ್ಪಾಗಲಿಲ್ಲ?"

"ಗುಡಿಗೆ ಬರಿಗಾಲಿಲೇ ಹೋಗ್ತೀಯಲ್ಲಬೇ."

"ನಗಬ್ಯಾಡ. ಬಂದ ಲಾರಿಗೇ ಇದನ್ನ ತಿರುಗಿ ಕಳಸು."

ಆ ವಾರವೇ ಅದು ಭರಣಿಯ ತಳಕ್ಕೆ ಹಾಕಿದ್ದ ತೆಂಗಿನ ಚಿಪ್ಪಿನೊಳಗೆ ತತ್ತಿ ಇಟ್ಟಿತು. ಅಕ್ಕಿನುಚ್ಚಿನಂಥವು, ಮಲ್ಲಿಗೆ ದಂಡೆಯಂತೆ ಜೋತುಬಿದ್ದವು. ಅತ್ತೆ ಬಗ್ಗಿ ಬಹಳ ಹೊತ್ತು ನೋಡಿದರು.

"ಬಸುರಿ ಬಾಣಂತೀನ್ನ ಹೊರಗ ಹಾಕಿದ ಮನಿ ಅಲ್ಲ ಇದು. ಇರ್ಲಿ ಬಿಡು."

ಅಂದಿನಿಂದ ಅದು ಅವರ ಬಾಯಲ್ಲಿ ಗಂಗವ್ವ ಆಯಿತು.

ಆಮೇಲಿನ ದಿನಗಳ ತುದಿ ಮೊದಲು ನೆನಪಿಲ್ಲ. ಬೆಳಕಿಂಡಿಯ ಬಿಸಿಲು ಭರಣಿಗೆ ಬಿದ್ದರೆ ಜಂತಿಯ ತುಂಬ ನೀರು ಅಲುಗುತ್ತಿತ್ತು, ನಾನು ಅದರ ತಳದಲ್ಲಿ ಮಲಗಿದಂತೆ. ಗಂಗವ್ವ ಕಂದುಬಣ್ಣವಾಗುವಳು, ಬೂದಿಬಣ್ಣವಾಗುವಳು, ಒಮ್ಮೊಮ್ಮೆ ಇಳಕಲ್ ಸೀರೆಯ ಸೆರಗಿನ ಕೆಂಪು. ತತ್ತಿಗಳ ಮೇಲೆ ಮೆಲ್ಲಗೆ ನೀರು ಊದುವಳು. ಅವಳು ಊದಿದಾಗ ನನ್ನ ಹೊಟ್ಟೆಯಲ್ಲಿ ಕೂಸು ಹೊರಳುತ್ತಿತ್ತು. ಹಾಗೆಂದು ನನಗನಿಸುತ್ತಿತ್ತು.

ಏಡಿ ಹಾಕಿದರೆ ಈಗ ಮುಟ್ಟುತ್ತಿರಲಿಲ್ಲ.

"ಇವು ಹಿಂಗ. ತತ್ತಿ ಒಡಿಯೂತನಕ ಏನೂ ತಿನ್ನಂಗಿಲ್ಲ. ಆಮ್ಯಾಲ..." ಎಂದ ನಿಮ್ಮ ಅಜ್ಜ ನನ್ನ ಮುಖ ನೋಡಿ ಗಡಿಗೆ ಎತ್ತಿಕೊಂಡು ಹೋದರು.

ಆಮೇಲೇನೆಂದು ನಾನು ಕೇಳಲಿಲ್ಲ.

ನನಗೆ ಸಪ್ಪೆ ಗಂಜಿ. ಅತ್ತೆ ತಮ್ಮ ತಾಟಿಗೂ ಉಪ್ಪು ಬಿಟ್ಟರು. ಒಂದು ಮಧ್ಯಾಹ್ನ ಅರೆನಿದ್ದೆಯಲ್ಲಿ ಅವರ ದನಿ ಕೇಳಿಸಿತು. "ನೀನೂ ಉಪ್ಪು ಬಿಡಬೇಕವಾ ಗಂಗವ್ವ. ಬಸುರಿಗೆ ಉಪ್ಪು ವಿಷ ಅಂತ, ಡಾಕ್ಟರು ಹೇಳ್ಯಾರ." ನೀರು ತೋಡುವ ಸಪ್ಪಳ, ಸುರಿಯುವ ಸಪ್ಪಳ. ಕನಸೆಂದುಕೊಂಡೆ. ಅತ್ತೆ ಅರ್ಧ ಭರಣಿ ಬರಿದು ಮಾಡಿ ಬಾವಿಯ ಸಿಹಿನೀರು ತುಂಬಿದ್ದರು.

ಕಣ್ಣು ಬಿಟ್ಟಾಗ ಗಂಗವ್ವ ಬೆಳ್ಳಗಾಗಿದ್ದಳು. ತೋಳುಗಳು ಚಿಪ್ಪಿನಿಂದ ಸಡಿಲಿ ತೇಲುತ್ತಿದ್ದವು.

ನಾನು ಎದ್ದೆ.

ಅತ್ತೆ ಪಕ್ಕದಲ್ಲೇ ಇದ್ದರು. ಕೂಗಿ ಹೇಳಬಹುದಿತ್ತು. ಆದರೆ ಕಾಲು ಮೊದಲು ಎದ್ದವು. ಭರಣಿಯ ನೀರನ್ನು ತೋಡಿ ನೆಲಕ್ಕೆ ಚೆಲ್ಲಿದೆ. ಮೂಲೆಯ ಡಬ್ಬಿಯಿಂದ ಸಮುದ್ರದ ನೀರನ್ನು ಗಡಿಗೆಯಲ್ಲಿ ಹೊತ್ತು ಸುರಿದೆ, ಮತ್ತೆ ಹೊತ್ತೆ. "ಏಯ್, ಬಿದ್ದಿ! ಬಿಡವಾ, ನಾ ಹಾಕ್ತೇನಿ!" ಎಂದು ಅತ್ತೆ ಕೈ ಹಿಡಿದರು. ಬೆಳ್ಳಿ ಚುಕ್ಕಿಗಳೆಲ್ಲ ಕೂಡಿ ಒಂದೇ ಆದವು.

ಕಣ್ಣು ತೆರೆದದ್ದು ಆಸ್ಪತ್ರೆಯಲ್ಲಿ, ಎರಡು ದಿನದ ಮೇಲೆ. ಫಿಟ್ಸ್ ಬಂದಿತ್ತಂತೆ. ಅತ್ತೆಯ ತೊಡೆಯ ಮೇಲೆ ಅರಳೆಯಲ್ಲಿ ಸುತ್ತಿದ ನಿಮ್ಮ ಅಪ್ಪ, ಎರಡೂ ಬದಿಗೆ ಬಿಸಿನೀರಿನ ಬಾಟಲಿ. ಅಳು ಬೆಕ್ಕಿನ ಮರಿಯಷ್ಟು.

"ಏಳಬ್ಯಾಡಂತ ಹೇಳಿದ್ದೆ. ಯಾಕ ಎದ್ರಿ?" ಎಂದು ಡಾಕ್ಟರ್ ಕೇಳಿದರು. ನಾನು ಗೋಡೆಯ ಕಡೆ ಹೊರಳಿದೆ.

"ನಾನ ಎಬ್ಬಿಸಿದ್ನಿರಿ. ನೀರು ತರಾಕ ಹಚ್ಚಿದ್ನಿ. ಆಕೀನ್ನ ಬೈಬ್ಯಾಡ್ರಿ" ಎಂದರು ಅತ್ತೆ.

ಅವರು ಎಬ್ಬಿಸಿರಲಿಲ್ಲ.

ಗಂಗವ್ವನಿಗೆ ಮತ್ತೆ ಬಣ್ಣ ಬಂತಂತೆ. ಕೆಲವು ತತ್ತಿ ಒಡೆದು ಎಳ್ಳಿನಂಥ ಮರಿಗಳು ಹೊರಬಂದವು. ಮಾರನೆಯ ದಿನ ಅವಳು ತೀರಿದಳು. ನಿಮ್ಮ ಅಜ್ಜ ಮರಿಗಳನ್ನು ಎಲೆಯ ಲಾರಿಯಲ್ಲಿ ಕಡಲಿಗೆ ಕಳಿಸಿದರು. ಮುಟ್ಟಿದವೋ ಇಲ್ಲವೋ.

ಎದ್ದದ್ದರಿಂದಲೇ ಫಿಟ್ಸ್ ಬಂತೋ, ಹೇಗೂ ಬರುವುದಿತ್ತೋ, ಡಾಕ್ಟರಿಗೂ ಹೇಳಲಾಗಲಿಲ್ಲ. ನಾವಿಬ್ಬರೂ ಉಳಿದೆವು. ಅಷ್ಟಕ್ಕೆ ಕೈ ಮುಗಿಯುತ್ತೇನೆ, ಹೆಚ್ಚು ಕೇಳಲು ಧೈರ್ಯವಿಲ್ಲ.

"ನಮ್ಮ ಆಯಿ ನನ್ನ ಹುಟ್ಟೂಕಿಂತ ಮೊದಲ ಮುಗಸ್ತಿದ್ಲು" ಎಂದು ನಿಮ್ಮ ಅಪ್ಪ ತನ್ನ ಅಜ್ಜಿಯನ್ನು ನೆನೆದು ಇಂದಿಗೂ ನಗುತ್ತಾನೆ. ಅತ್ತೆ ಇರುವತನಕ ಆ ಮಾತು ಕೇಳಿಯೂ ಅಡಿಕೆ ಕತ್ತರಿಸುತ್ತ ಕೂತಿರುತ್ತಿದ್ದರು. ನಾನೂ ಸುಮ್ಮನಿರುತ್ತಿದ್ದೆ. ಎದ್ದವಳು ನಾನು, ಯಾರೂ ಎಬ್ಬಿಸಲಿಲ್ಲ. ಇದನ್ನು ನಿಮ್ಮ ಅಪ್ಪನಿಗೆ ಓದಿ ಹೇಳಿ. ನಾನು ಒಳಗಿನ ಕೋಣೆಯಲ್ಲಿರುತ್ತೇನೆ. ಓದಿದ ಮೇಲೆ ಹಾಳೆಗಳನ್ನು ಅವನ ಕೈಗೆ ಕೊಡಬೇಡಿ, ನನ್ನ ತಪ್ಪು ಮುಚ್ಚಲೆಂದು ಹರಿದಾನು. ನೀವಿಬ್ಬರೇ ಜೋಪಾನ ಮಾಡಿರಿ.