ಕುರಿಗೆ ಬಿದ್ದ ಸೂಜಿ, ಕೂಸಿಗೆ ಬೀಳಲಿಲ್ಲ

“ಕುರಿಗೋಳಿಗಿ ಸೂಜಿ ಹಾಕಾಕ ದನದ ಡಾಕ್ಟರು ನಸಿಕಿನ್ಯಾಗ ಹಟ್ಟಿಗೇ ಬರತಾರ್ರಿ. ಈ ಕೂಸಿಗಿ ಇನ್ನಾ ಒಂದೂ ಸೂಜಿ ಬಿದ್ದಿಲ್ರಿ.”

ಸುರಪುರದ ಹತ್ತಿರದ ನಮ್ಮೂರಿನ ಆರೋಗ್ಯ ಸಮಿತಿ ಸಭೆಗೆ ವರ್ಷದ ಮಗುವನ್ನೆತ್ತಿಕೊಂಡು ಬಂದ ಕುರಿ ಕಾಯುವ ಮಲ್ಲಮ್ಮ ಹೀಗೆಂದಳು. ಲಸಿಕೆಗೆ ಹನ್ನೊಂದು ಗಂಟೆಯೇ ಸರಿ ಎಂದು ಹಟ ಹಿಡಿದಿದ್ದ ಸದಸ್ಯ ನಾನೇ. ಲಸಿಕೆ ಹಾಕುವಾಗ ನಾನೂ ಅಲ್ಲಿರಬೇಕಿತ್ತು; ಬೇಗ ಎದ್ದರೆ ನನ್ನ ಬಿಪಿ ಏರೀತೆಂಬ ಭಯ.

“ಹನ್ನೊಂದಕ್ಕ ಕರಕೊಂಡು ಬರಬಾರದೇನವಾ?” ಎಂದೆ.

“ಆ ಹೊತ್ತಿಗಿ ನಾವು ಅಡವ್ಯಾಗ ಇರತೀವ್ರಿ ಸರ. ಕುರಿ ನಿಮ್ಮ ಗಡಿಯಾರ ನೋಡಿ ಮೇಯತಾವೇನ್ರಿ?”

ಸಭೆಯಲ್ಲೇ ಇದ್ದ ನರ್ಸಮ್ಮ ಮರುದಿನ ನಸುಕಿನಲ್ಲೇ ಹಟ್ಟಿಗೆ ಹೋಗಿ ಆ ಮಗುವಿಗೆ ಮೊದಲ ಲಸಿಕೆ ಹಾಕಿದರು. ಒಂದು ಸೀನು ಬಂದರೂ ಹತ್ತು ಜನರನ್ನು ವಿಚಾರಿಸುವ ನಾನು, ಲಸಿಕೆಯ ವೇಳೆ ಗೊತ್ತು ಮಾಡುವಾಗ ಕುರಿ ಕಾಯುವವರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.