ಪ್ಯಾಸೇಜಿನ ಹೊರಗ ಕುಂತ ನಮ್ಮಪ್ಪ

ಬ್ಯಾಂಕ್ ಪರೀಕ್ಷಾದಾಗ ನನ್ನ ಎರಡು ಸಲ ಕೆಡವಿದವ ಬ್ಯಾರೆ ಯಾರೂ ಅಲ್ಲ, ನಮ್ಮಪ್ಪ. ಅವಂಗ ಇಂಗ್ಲಿಷಿನ ಒಂದಕ್ಷರ ಬರಂಗಿಲ್ಲ ಅನ್ನೂದು ಬ್ಯಾರೆ ಮಾತು.

ಅಪ್ಪ ಗೌಂಡಿ. ಯಾದಗಿರಿ ಕಡಿಂದ ತೆಲುಗು ಮಂದಿಯ ಈ ನಗರಕ್ಕ ಬಂದು ಮಿಯಾಪುರದಾಗಿನ ಅಪಾರ್ಟ್‌ಮೆಂಟುಗಳಿಗೆ ಗ್ವಾಡಿ ಕಟ್ಟಿದವ. ನಾವಿಬ್ಬರು ಇರೋದು ಲಿಂಗಂಪಲ್ಲಿ ಸ್ಟೇಷನ್ ಹಿಂದ, ಎರಡು ಖೋಲಿ ಮನ್ಯಾಗ. ಡಿಗ್ರಿ ಮುಗಿಸಿ ಐದಾರು ವರ್ಷ ಅಲ್ಲಿ ಇಲ್ಲಿ ದುಡದ ಮ್ಯಾಲ ನಾ ಅಮೀರ್‌ಪೇಟ್‌ಗೆ ಕೋಚಿಂಗ್‌ಗೆ ಹೋಗಾಕತ್ತಿದ್ದೆ. ಸಂಜಿಗೆ ಚಹಾ ಕುಡಕೋತ ನಾ ಇಂಗ್ಲಿಷ್ ಪ್ಯಾಸೇಜು, ಅದರ ಕೆಳಗಿನ ಪ್ರಶ್ನೆ ಕನ್ನಡದಾಗ ಹೇಳಬೇಕು, ಅಪ್ಪ ಕೈಕಾಲು ತೊಳಕೊಂಡು ಗ್ವಾಡಿಗೆ ಆತುಕೊಂಡು ಕುಂತು ಕೇಳಬೇಕು, ನಾಕೂ ಆಪ್ಷನ್ ಕೇಳಿದ ಮ್ಯಾಲ ಊರ ಗೌಡನಂಗ ತೀರ್ಪು ಕೊಡಬೇಕು. ಇದು ನಮ್ಮ ಮನಿ ಪದ್ಧತಿ. ಅವ್ವ ತೀರಿಹೋದ ಮ್ಯಾಲ ನಮ್ಮಿಬ್ಬರಿಗೂ ಮಾತಾಡಾಕ ಮತ್ತೇನೂ ಉಳಿದಿರಲಿಲ್ಲ. ಟಿವಿನೂ ಕೆಟ್ಟಿತ್ತು.

ಒಂದಿನ ಬಂದ ಪ್ಯಾಸೇಜಿನಾಗ, ಅದ್ಯಾವುದೋ ಹೊಸಾ ನಮೂನಿ ಸಿಮೆಂಟಿನ ಗ್ವಾಡಿ ಒಂದ ದಿನಕ್ಕ ಗಟ್ಟಿ ಆಗತೈತಿ ಅಂತಿತ್ತು. ಲೇಖಕರ ಪ್ರಕಾರ ಎಷ್ಟು ದಿನ ಬೇಕು ಅಂತ ಪ್ರಶ್ನೆ.

ಅಪ್ಪ ಕಪ್ಪು ಕೆಳಗಿಟ್ಟ. "ಒಂದ ದಿನಕ್ಕ? ಯಾವನಲೇ ಅವ? ಒಂದು ವಾರ ನೀರು ಕುಡಿಸ್ಲಿಲ್ಲಂದ್ರ ಗ್ವಾಡಿ ಬಿರಕ ಬಿಡತೈತಿ. ಒಂದು ವಾರ ಅನ್ನೂದು ಐತೇನು ನೋಡು."

ಇತ್ತು. ಅದಕ್ಕ ಟಿಕ್ ಹಾಕಿದೆ. ಮರುದಿನ ಕ್ಲಾಸಿನಾಗ ತಪ್ಪಾತು. ನಾ ಬಿಡತೀನೇನು? ಎದ್ದು ನಿಂತು, ನಮ್ಮಪ್ಪ ಗೌಂಡಿ, ಅವಂಗ ಗೊತ್ತಿಲ್ಲೇನು ಅಂತ ಸರ್ ಜೋಡಿ ಜಗಳಕ್ಕ ಬಿದ್ದೆ. ಕ್ಲಾಸೆಲ್ಲಾ ಬಿದ್ದು ಬಿದ್ದು ನಕ್ಕಿತು.

ಸರ್ ತೆಲುಗಿನಾಗ ಹೇಳಿದ್ದನ್ನ ನಮ್ಮ ಮಾತಿನಾಗ ಹೇಳಬೇಕಂದ್ರ ಹಿಂಗ: "ಅಮ್ಮಾ, ನಿಮ್ಮಪ್ಪ ಹೇಳೂದು ಖರೆ ಇರಬೇಕು. ಆದ್ರ ಪ್ರಶ್ನೆ ನಿಮ್ಮಪ್ಪಗ ಕೇಳಿಲ್ಲ, ಪ್ಯಾಸೇಜಿಗೆ ಕೇಳ್ಯಾರ. ನಾಕು ಆಪ್ಷನ್ನಿನಾಗ ಒಂದು ಲೋಕದಾಗ ಖರೆ ಇರತೈತಿ, ಪ್ಯಾಸೇಜಿನಾಗ ಇರಂಗಿಲ್ಲ. ನಿನ್ನಂಥವರನ್ನ ಹಿಡಿಯಾಕ ಅಂತನ ಇಟ್ಟಿರತಾರ. ಇನ್ನ 'ಎಲ್ಲಾರೂ', 'ಯಾವಾಗಲೂ' ಅಂತ ಕಂಡ್ರ ಮೊದಲ ಅನುಮಾನ ಪಡು. ಪ್ಯಾಸೇಜು ಬರೇ 'ಭಾಳ ಮಂದಿ' ಅಂದಿರತೈತಿ. ಮತ್ತ ಪರೀಕ್ಷಾಕ್ಕ ಬರುವಾಗ ನಿಮ್ಮಪ್ಪನ್ನ ಹೊರಗ ಕುಂಡ್ರಿಸಿ ಬಾ."

ಮನಿಗೆ ಬಂದು ಅಷ್ಟೂ ಒಪ್ಪಿಸಿದೆ. ಅಪ್ಪಗ ಸಿಟ್ಟು ಬಂತು, ಆ ಸರ್ ಮನಿ ಗ್ವಾಡಿ ನೋಡಬೇಕು ಅಂದ. ಆದ್ರ ಆ 'ಎಲ್ಲಾರೂ' ಅನ್ನೂದು ಮಾತ್ರ ಅವನ ತಲ್ಯಾಗ ಹೊಕ್ಕೊಂಡುಬಿಡ್ತು. ಟೊಮ್ಯಾಟೊ ಮಾರೋ ಹೆಣ್ಮಗಳು ಎಲ್ಲಾ ತಾಜಾ ಐತಿ ಅಂದ್ರ, "ಎಲ್ಲಾ ಅಂದ್ಯಾ? ಹಂಗಾರ ಸುಳ್ಳು" ಅಂತ ಆಕಿ ಜೋಡಿ ವಾದಕ್ಕ ನಿಂತ. ಆಕಿ ಬೈದ ತೆಲುಗು ಬೈಗುಳ ನಾ ಕನ್ನಡಕ್ಕ ತರಲಿಲ್ಲ.

ಹಿಂಗ ಅಪ್ಪನ ಲೆಕ್ಕದಾಗನ ಉತ್ತರ ಒತ್ತಿ ಎರಡು ಸಲ ಬಿದ್ದಿದ್ದೆ. ಮೂರನೇ ಸಲದ ಪರೀಕ್ಷಾನ ನನ್ನ ಕಡೀ ಪರೀಕ್ಷಾ. ಅದು ಮುಗದ್ರ ವಯಸ್ಸಿನ ಮಿತಿನೂ ಮುಗೀತಿತ್ತು, ಮತ್ತ ಅರ್ಜಿ ಹಾಕೋ ಹಂಗಿರಲಿಲ್ಲ. ಅಪ್ಪ ಕೆಲಸ ಬಿಟ್ಟು ನನ್ನ ಜೋಡಿ ಬಂದ. ಸರ್ ಹೇಳ್ಯಾರ ಅಂತ ಖರೇನ ಗೇಟಿನ ಹೊರಗ ಟವೆಲ್ ಹಾಸಿ ಕುಂತ.

ಕಂಪ್ಯೂಟರಿನಾಗ ಪ್ಯಾಸೇಜು ತೆರೀತು. ಊರು ಬಿಟ್ಟು ನಗರಕ್ಕ ಬರೋ ಕೂಲಿ ಮಂದೀದು! ಭಾಳ ಮಂದಿ ನಗರದ ಥಳಕಿಗೆ ಮರುಳಾಗಿ ಬರತಾರ ಅಂತ ಯಾವನೋ ಪುಣ್ಯಾತ್ಮ ಬರದಿದ್ದ. ಲೇಖಕರ ಪ್ರಕಾರ ಭಾಳ ಮಂದಿ ಕೂಲಿಕಾರರು ಯಾಕ ಬರತಾರ ಅಂತ ಪ್ರಶ್ನೆ. ಒಂದನೇ ಆಪ್ಷನ್, ನಗರದ ಥಳಕು. ಮೂರನೇದು, ಮಕ್ಕಳನ್ನ ಓದಸಾಕ.

ಥಳಕಂತ ಥಳಕು! ಇಷ್ಟು ವರ್ಷದಾಗ ಅಪ್ಪ ಕಂಡ ಥಳಕು ಅಂದ್ರ ಮೆಟ್ರೊ ಸ್ಟೇಷನ್ನಿನಾಗ ತಾನ ಮ್ಯಾಲ ಹೋಗೋ ಮೆಟ್ಲು. ಅದಕ್ಕೂ ಅಂಜಿ ಬಾಜೂಕಿನ ಮೆಟ್ಲು ಹತ್ತತಾನ. ನನ್ನ ಸಾಲಿಗೆ ಹಚ್ಚಾಕ ಅಂತನ ಊರು ಬಿಟ್ಟವ ಅವ. ಮೌಸ್ ಮೂರನೇದರ ಮ್ಯಾಲ ಹೋಗಿ ನಿಂತಿತ್ತು. ಹೊರಗ ಕುಂಡ್ರಿಸಿ ಬಂದ ಅಪ್ಪ ಬಾಜೂಕ ಬಂದು ಕುಂತಂಗ ಆತು. ಯಪ್ಪಾ, ತಪ್ಪು ತಿಳ್ಕೋಬ್ಯಾಡ ಅಂತ ಮನಸಿನಾಗ ಅಂದು ಒಂದನೇದು ಒತ್ತಿದೆ.

ಗೇಟಿನ ಹೊರಗ ಅಪ್ಪ ಕೇಳಿದ, "ಏನ್ ಬಂದಿತ್ತು?"

"ಸಮುದ್ರದ ಮೀನಿಂದು," ಅಂದೆ.

"ಮೀನಿಂದು ನನಗೇನೂ ಗೊತ್ತಿಲ್ಲ. ಹಂಗಾರ ಪಾಸಾಗತಿ ಬಿಡು."

ಪಾಸಾದೆ, ನೌಕರಿನೂ ಸಿಕ್ತು. ಅವತ್ತ ಸಂಜಿಗೆ ಅಪ್ಪ ಪೇಡೆ ತಂದ. ಅವನ ಮುಖದಾಗಿನ ಖುಷಿ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. "ಅಪ್ಪಾ, ಅದು ಮೀನಿಂದಲ್ಲ," ಅಂತ ಎಲ್ಲಾ ಹೇಳಿದೆ. "ನಿನ್ನ ಬಗ್ಗೆ ಸುಳ್ಳು ಒತ್ತಿ ಪಾಸಾಗೀನಿ" ಅಂತ ಗೊಳೋ ಅಂತ ಅತ್ತೆ.

ಅಪ್ಪ ಪೇಡೆ ಕೈಯಾಗ ಹಿಡಕೊಂಡು ಕೇಳಿದ, "ಎಲ್ಲಾರೂ ಥಳಕಿಗೆ ಬರತಾರ ಅಂತ ಬರದಿದ್ರೋ, ಭಾಳ ಮಂದಿ ಅಂತ ಬರದಿದ್ರೋ?"

"ಭಾಳ ಮಂದಿ ಅಂತ."

"ಮತ್ಯಾಕ ಅಳತೀ ಹುಚ್ಚಿ? ಆ ಮಂದ್ಯಾಗ ನಾ ಇಲ್ಲ. ನಾ ಮೂರನೇದಕ್ಕ ಬಂದವ," ಅಂದ. "ನೀ ಒತ್ತಿದ್ದು ಸರಿ ಐತಿ." ಅಷ್ಟಂದು ಪೇಡೆ ಬಾಯಿಗೆ ಹಾಕ್ಕೊಂಡ.